ಒಂದೇ ಬಳ್ಳಿ, ಎರಡು ಸುಗ್ಗಿ

ಸೋರೆಕಾಯಿ ಇಂದು ಪಲ್ಯ, ಸಾರುಗಳಲ್ಲಿ ಸದ್ದಿಲ್ಲದೆ ಕರಗುವ ಸಾಧು ತರಕಾರಿ. ಆದರೆ ಮನುಷ್ಯನಿಗೆ ಅದು ಮೊದಲು ಬೇಕಾದದ್ದು ಪ್ರಾಯಶಃ ನೀರು ತುಂಬಿಡಲು. ಮಣ್ಣಿನ ಮಡಕೆ ಬರುವ ಮೊದಲೇ ಒಣಗಿದ ಸೋರೆಬುರುಡೆ ಕೊಡವಾಗಿತ್ತು. ಆಫ್ರಿಕಾ ಮೂಲದ ಈ ಬಳ್ಳಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆಯೇ ಅಮೆರಿಕದಲ್ಲಿತ್ತು. ಒಣಕಾಯಿ ಕಡಲಿನಲ್ಲಿ ತೇಲುತ್ತ ಅಲ್ಲಿಗೆ ಮುಟ್ಟಿರಬೇಕು ಎಂಬುದು 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ತೀರ್ಮಾನ.

ಕಲಬುರ್ಗಿ ಸೀಮೆಯಲ್ಲಿ ಬುರುಡೆಗೆ ಇನ್ನೊಂದು ಬಾಳೂ ಇತ್ತು. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಇರುವ ರೋಜಾ ಸಂಗೀತವನ್ನು ಸಾಧನೆಯ ದಾರಿಯಾಗಿ ಕಂಡ ಚಿಷ್ತಿ ಸೂಫಿಗಳ ನೆಲೆ. ಇದೇ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಏಕತಾರಿಯ ನಾದದಲ್ಲಿ ಊರೂರು ಸುತ್ತಿದವು. ಏಕತಾರಿಗೂ ಜೋಗಿಗಳ ಕಿನ್ನರಿಗೂ ದನಿ ಕೊಟ್ಟದ್ದು ಬುರುಡೆಯೇ. ಗಡಿಯಾಚೆಯ ಮಿರಜದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದವರು ತಂಬೂರಿ, ಸಿತಾರಗಳತ್ತ ತಿರುಗಿದರು. ಅವರಿಗೆ ಬೇಕಾದ ದೊಡ್ಡ ಬುರುಡೆ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಿಂದ ಬರುತ್ತದೆ.

ಅಡಿಗೆಯ ಕಾಯಿಗೂ ನಾದದ ಕಾಯಿಗೂ ಆರೈಕೆ ಬೇರೆ. ನೀರು ನಿಂತರೆ ಬೇರು ಕೊಳೆಯುವುದರಿಂದ ಎರೆಭೂಮಿಯಲ್ಲಿ ನೀರು ಬಸಿದುಹೋಗುವಂತೆ ಏರು ಮಾಡಿ, ಕೊಟ್ಟಿಗೆ ಗೊಬ್ಬರ ಹಾಕಿ ಬೀಜ ಊರಬೇಕು. ಬಳ್ಳಿ ಹಂದರಕ್ಕೇರಿದಾಗ ಕುಡಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತದೆ. ಹೆಣ್ಣು ಹೂ ಹೆಚ್ಚು ಬರುವುದು ಅಲ್ಲಿಯೇ. ಬಿಳಿಯ ಹೂ ಅರಳುವುದು ಸಂಜೆಗೆ. ಪತಂಗಗಳು ಬಾರದಿದ್ದರೆ ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ಮುಟ್ಟಿಸಬೇಕು. ಉಗುರು ಇಳಿಯುವಷ್ಟು ಎಳೆಯದಿರುವಾಗಲೇ ಕಾಯಿ ಕಿತ್ತರೆ ಬಳ್ಳಿ ಮತ್ತೆ ಮತ್ತೆ ಬಿಡುತ್ತದೆ. ಒಂದನ್ನು ಬಲಿಯಲು ಬಿಟ್ಟರೆ ಉಳಿದವು ಸೊರಗುತ್ತವೆ. ವಾದ್ಯಕ್ಕೆ ಬೆಳೆಯುವವರು ಆ ನಷ್ಟವನ್ನು ಬೇಕೆಂದೇ ಒಪ್ಪಿಕೊಂಡು, ಕಾಯಿ ಕಟ್ಟಿಗೆಯಂತಾಗುವವರೆಗೆ ಕಾಯುತ್ತಾರೆ.

ಇವೆರಡನ್ನೂ ಅಕ್ಕಪಕ್ಕ ಬೆಳೆಯುವುದು ಅಪಾಯ. ವಾದ್ಯದ ಕಾಯಿ ಸಾಮಾನ್ಯವಾಗಿ ಕಹಿ. ಅದರ ಪರಾಗ ಸಿಹಿ ಬಳ್ಳಿಗೆ ಸೋಕಿದರೆ ಆ ವರ್ಷ ಏನೂ ಗೊತ್ತಾಗದು, ಅದರ ಬೀಜ ಬಿತ್ತಿದ ಮುಂದಿನ ಬೆಳೆಯಲ್ಲಿ ಕಹಿ ಹೊರಬೀಳುತ್ತದೆ. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. ಕಹಿ ಸೋರೆಯ ರಸ ಕುಡಿದು ರಕ್ತವಾಂತಿಯಾದವರಿದ್ದಾರೆ, ಸತ್ತವರೂ ಇದ್ದಾರೆ. ಆದ್ದರಿಂದ ಹೆಚ್ಚುವ ಮುನ್ನ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡುವ ಅಜ್ಜಿಯರ ರೂಢಿ ಬಿಡುವಂಥದಲ್ಲ. ಕಹಿ ಎನಿಸಿದರೆ ಉಗುಳಿ, ಕಾಯಿಯನ್ನು ತಿಪ್ಪೆಗೆ ಹಾಕುವುದೇ ಸರಿ.