ನಿಧಾನದ ಆಟ, ಗಡಿಯಾರದ ನ್ಯಾಯ



ಸತ್ವಾದ ಹಳೆಯ ಮನೆಗಳ ಕೋಣೆಗಳಲ್ಲಿ ಆರೆಂಟು ಜನ ಕೂಡಿ ಬಾಳಿದ ನಮ್ಮವರಿಗೆ ಕೇರಂ ಹಲಗೆಯ ಮಹಿಮೆಯನ್ನು ವಿವರಿಸಬೇಕಾದುದಿಲ್ಲ. ಶುಕ್ರವಾರವೊಂದೇ ಬಿಡುವಾಗಿದ್ದವರ ಪಾಲಿಗೆ ಹಲಗೆ ಒಂದು, ಸರದಿ ಕಾಯುವವರು ಹತ್ತು ಮಂದಿ. ಸ್ಟ್ರೈಕರನ್ನು ಗೆರೆಯ ಮೇಲೆ ಅತ್ತಿತ್ತ ಸರಿಸುತ್ತ, ಪುಡಿ ಉದುರಿಸುತ್ತ ಕೂತವನು ಕಳೆಯುವುದು ತನ್ನ ಹೊತ್ತನ್ನಲ್ಲ, ಪರರ ವಾರದ ಬಿಡುವನ್ನು. ಪಂದ್ಯಾವಳಿಯ ಕೇರಂ ನಿಯಮಗಳು ಒಂದು ಹೊಡೆತಕ್ಕೆ 15 ಸೆಕೆಂಡುಗಳಷ್ಟೇ ಅವಕಾಶ ಕೊಡುವುದರ ಹಿಂದಿನ ತರ್ಕ ಇದೇ. ಆದರೆ ಚದುರಂಗದಂತಹ ಆಟದಲ್ಲಿ ಯೋಚಿಸುವುದೇ ಆಟವಾಗಿರುವಾಗ, ನಿಧಾನವು ಎಲ್ಲಿಯವರೆಗೆ ಆಲೋಚನೆ, ಎಲ್ಲಿಂದ ಮುಂದಕ್ಕೆ ಅನಾದರ? ಈ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿಗೆ ಸಾವಿರ ವರ್ಷ ಹಿಡಿಯಿತು.

ಮೊದಲ ಉತ್ತರಗಳಲ್ಲೊಂದು ಅರಬರದು. ನಮ್ಮ ನಾಡಿನ ಚತುರಂಗವು ಪಾರಸಿಕರ ಮೂಲಕ ಸಾಗಿ ಬಾಗ್ದಾದಿನಲ್ಲಿ ಶತ್ರಂಜ್ ಆಯಿತು. 9ನೆಯ ಶತಮಾನದ ಅಲ್-ಅದ್ಲಿ, 10ನೆಯ ಶತಮಾನದ ಅಸ್-ಸೂಲಿ ಮೊದಲಾದವರು ಖಲೀಫರ ಆಸ್ಥಾನದಲ್ಲಿ ಆಡಿ, ಗ್ರಂಥಗಳನ್ನೂ ಬರೆದರು. ಅಂದಿನ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಕಾಲಾಳಿಗೂ ಮೊದಲ ನಡೆಯಲ್ಲಿ ಎರಡು ಮನೆ ಇರಲಿಲ್ಲ. ಸೇನೆಗಳು ಎದುರುಬದುರಾಗುವಷ್ಟರಲ್ಲಿ ನೋಡುವವರು ಆಕಳಿಸಬೇಕು. ಆದ್ದರಿಂದ ತಅಬಿಯಾ ಎಂಬ ವ್ಯೂಹಗಳು ರೂಢಿಗೆ ಬಂದವು: ಆರಂಭದ ನಡೆಗಳನ್ನು ಸರದಿಯ ಹಂಗಿಲ್ಲದೆ ಸರಸರನೆ ನಡೆಸಿ, ಸೇನೆಗಳು ಹತ್ತಿರವಾದ ಮೇಲೆ ನಿಜವಾದ ಆಟಕ್ಕೆ ತೊಡಗುವುದು. (ಇಲ್ಲಿನ ಅರಬ್ ಗೆಳೆಯರೊಡನೆ ಆಡುವವರಿಗೆ ಒಂದು ಮಾತು: ಅವರ ಆನೆಯಾದ ‘ಫೀಲ್’ ಓರೆಯಾಗಿ ನಡೆಯುವ ನಮ್ಮ ಒಂಟೆ! ನಮ್ಮ ಆನೆಯಾದರೋ ನೇರ ನಡೆಯದು.)

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹೊತ್ತಿನ ಬಡತನವಿರಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವ ತನಕ, ಅವರು ವಿದ್ಯೆ, ಕಲೆ, ಆಟಗಳಿಗೆ ಮನಸ್ಸು ಕೊಟ್ಟರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನವಿದೆ. ಕುದುರೆಯೊಂದನ್ನು 64 ಮನೆಗಳಲ್ಲೂ ಒಂದೊಂದೇ ಬಾರಿ ಇಳಿಸುವ ಸಮಸ್ಯೆ ಅವರಿಗೆ ಬಲು ಪ್ರಿಯ. ಅದು ಒಬ್ಬನೇ ಆಡುವ ಆಟ. ಎದುರಾಳಿಯಿಲ್ಲದ ಕಡೆ ನಿಧಾನ ಅಪರಾಧವೂ ಅಲ್ಲ. ನಮ್ಮ ಪಗಡೆ, ಚೌಕಾಬಾರಗಳಲ್ಲಿ ಕೂಡ ಈ ತಕರಾರು ದೊಡ್ಡದಾಗಲಿಲ್ಲ, ಏಕೆಂದರೆ ಅರ್ಧ ನಿರ್ಣಯವನ್ನು ದಾಳ, ಕವಡೆಗಳೇ ಮಾಡಿಬಿಡುತ್ತವೆ.

ತಕರಾರು ದೊಡ್ಡದಾದದ್ದು ಪಂದ್ಯಾವಳಿಗಳು ಹುಟ್ಟಿದಾಗ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಚದುರಂಗ ಪಂದ್ಯಾವಳಿಯಲ್ಲಿ ಕಾಲಮಿತಿಯೇ ಇರಲಿಲ್ಲ. ಮೂರನೆಯ ಸ್ಥಾನಕ್ಕಾಗಿ ನಡೆದ ಸ್ಪರ್ಧೆಯಲ್ಲಿ ಎಲಿಜಾ ವಿಲಿಯಮ್ಸರಿಗೆ ಸೋತ ಹೋವರ್ಡ್ ಸ್ಟಾಂಟನ್, ಎದುರಾಳಿ ಅತಿ ನಿಧಾನಿಯೆಂದು ಕಟುವಾಗಿ ಬರೆದರು. ಸೋತವರ ದೂರನ್ನು ನಾವು ಸ್ವಲ್ಪ ತೂಗಿಯೇ ನೋಡಬೇಕು. ಆದರೆ ಅಳತೆಯೇ ಇಲ್ಲದ ಮೇಲೆ ವಿಲಿಯಮ್ಸರು ತಮ್ಮ ನಿರ್ದೋಷಿತ್ವವನ್ನು ತೋರಿಸುವುದಾದರೂ ಹೇಗೆ? 1857ರಲ್ಲಿ ನ್ಯೂಯಾರ್ಕಿನಲ್ಲಿ ಪಾಲ್ ಮಾರ್ಫಿ, ಲೂಯಿ ಪಾಲ್ಸನ್ನರ ಎದುರು ಗಂಟೆಗಟ್ಟಲೆ ಮೌನವಾಗಿ ಕಾದು ಕುಳಿತು ಗೆದ್ದರು. ಎಲ್ಲರೂ ಮಾರ್ಫಿಗಳಲ್ಲ. 1861ರ ಆಂಡರ್ಸನ್–ಕೋಲಿಷ್ ಪಂದ್ಯದಲ್ಲಿ ಮರಳಿನ ಗಡಿಯಾರಗಳು ಬಂದವು. 1883ರ ಲಂಡನ್ ಪಂದ್ಯಾವಳಿಯಲ್ಲಿ, ಮ್ಯಾಂಚೆಸ್ಟರಿನ ಥಾಮಸ್ ಬ್ರೈಟ್ ವಿಲ್ಸನ್ ರೂಪಿಸಿದ ಜೋಡಿ ಗಡಿಯಾರ ಬಂತು: ಒಂದು ನಡೆದರೆ ಇನ್ನೊಂದು ನಿಲ್ಲುವುದು. ಅಂದಿನಿಂದ ನಿಧಾನಿಯು ವ್ಯಯಿಸುವುದು ತನ್ನ ಗಂಟಿನ ಹಣವನ್ನೇ.

ಗಡಿಯಾರವು ಒಂದು ಅವಿನಯವನ್ನು ನೀಗಿಸಿ ಇನ್ನೊಂದಕ್ಕೆ ಜನ್ಮವಿತ್ತಿತು. ಎದುರಾಳಿಗೆ ಅರ್ಧ ನಿಮಿಷವಷ್ಟೇ ಉಳಿದಾಗ, ಗೆಲ್ಲುವ ಉಪಾಯವಿಲ್ಲದಿದ್ದರೂ ಕಾಯಿಗಳನ್ನು ಅತ್ತಿತ್ತ ಅಲೆದಾಡಿಸಿ ಅವನ ಹೊತ್ತನ್ನು ಮುಗಿಸುವ ಚಾಳಿ ಅದು. ಇದನ್ನು ತಡೆಯಲು ತೀರ್ಪುಗಾರರಿಗೆ ಅಧಿಕಾರ ಕೊಡಬೇಕಾಯಿತು. ಇದಕ್ಕಿಂತ ಸೊಗಸಾದ ಪರಿಹಾರ ಬಾಬಿ ಫಿಷರರದು: ಪ್ರತಿ ನಡೆಗೂ ಕೆಲವು ಸೆಕೆಂಡುಗಳನ್ನು ಕೂಡಿಸುವ ಗಡಿಯಾರ. 1992ರಲ್ಲಿ ಸ್ಪಾಸ್ಕಿಯವರೊಡನೆ ಆಡಿದ ಪಂದ್ಯದಲ್ಲಿ ಅವರು ಅದನ್ನೇ ಬಳಸಿದರು. ಶಿಷ್ಟಾಚಾರದಲ್ಲಿ ತಾವೇ ಅನೇಕರಿಗೆ ತಲೆನೋವಾಗಿದ್ದ ಮನುಷ್ಯನಿಂದ ಈ ಕೊಡುಗೆ ಬಂದುದು ವಿಚಿತ್ರವೇ ಸರಿ.

ನಮ್ಮ ದುಬೈ ಈ ಎರಡೂ ಯುಗಗಳನ್ನು ಕಂಡಿದೆ. 1986ರ ನವೆಂಬರಿನಲ್ಲಿ ಇಲ್ಲಿ ಚದುರಂಗ ಒಲಿಂಪಿಯಾಡ್ ಆರಂಭವಾದಾಗ, ಮುಗಿಯದ ಆಟವನ್ನು ಮುಂದೂಡುವ ಪದ್ಧತಿಯಿತ್ತು. ಮುಂದಿನ ನಡೆಯನ್ನು ಬರೆದು ಲಕೋಟೆಯಲ್ಲಿ ಮುಚ್ಚಿ ತೀರ್ಪುಗಾರರ ವಶಕ್ಕೆ ಕೊಡಬೇಕು. ರಾತ್ರಿ ಗೆಳೆಯರೊಡನೆ ಚರ್ಚಿಸಲು ಅಡ್ಡಿಯಿಲ್ಲ. ಗಣಕಯಂತ್ರಗಳು ಬಲಿತ ಮೇಲೆ, ಒಂದು ರಾತ್ರಿಯ ಬಿಡುವೆಂದರೆ ಯಂತ್ರಕ್ಕೆ ಆಟವನ್ನು ಒಪ್ಪಿಸಿದಂತೆ, ಪದ್ಧತಿ ಅಳಿಯಿತು.

ಮುಂದೆ 2021ರಲ್ಲಿ ಎಕ್ಸ್‌ಪೋ ಆವರಣದಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ ಎದುರಾದರು. ನಿಯಮದಂತೆ ಮೊದಲ 40 ನಡೆಗಳಿಗೆ ಎರಡು ಗಂಟೆ, ಮುಂದಿನ 20ಕ್ಕೆ ಒಂದು ಗಂಟೆ, ಆಮೇಲೆ ಕಾಲು ಗಂಟೆ. 61ನೆಯ ನಡೆಯಿಂದಷ್ಟೇ ಪ್ರತಿ ನಡೆಗೂ 30 ಸೆಕೆಂಡು. ಡಿಸೆಂಬರ್ 3ರ ಶುಕ್ರವಾರ ಸಂಜೆ ಮೊದಲಾದ ಆರನೆಯ ಆಟ 136 ನಡೆಗಳವರೆಗೆ, ಸುಮಾರು ಏಳು ಮುಕ್ಕಾಲು ಗಂಟೆ ನಡೆಯಿತು. ವಿಶ್ವ ಚಾಂಪಿಯನ್ ಪಂದ್ಯಗಳ ಇತಿಹಾಸದಲ್ಲಿ ಅದಕ್ಕಿಂತ ದೀರ್ಘವಾದ ಆಟ ಅದುವರೆಗೆ ಆಗಿರಲಿಲ್ಲ. ಸ್ಟಾಂಟನ್ನರಂತೆ ಗೊಣಗುವವರು ಅಲ್ಲಿ ಯಾರೂ ಇರಲಿಲ್ಲ. ನಡುರಾತ್ರಿ ದಾಟಿದ ಮೇಲೆ ನೆಪೊಮ್ನಿಯಾಚಿ ಸೋಲೊಪ್ಪಿಕೊಂಡರು.