ಕಡಲನ್ನು ಕಾಣದ ಸೀಮೆಯ ಕಡಲ ಚಿಪ್ಪುಗಳು



ಶಹಾಪುರದ ಬಳಿಯಲ್ಲಿ ಸಾಗರವೆಂಬ ಊರೊಂದುಂಟು. ಬಹಮನಿ ಅರಸರ ಕಾಲದಲ್ಲಿ ಅದು ಹೆಸರಾದ ಸ್ಥಳವಾಗಿದ್ದಿತು. ಮುಂದೆ ಸುಲ್ತಾನನಾದ ಫಿರೋಜನೂ ಅವನ ತಮ್ಮನಾದ ಅಹಮದನೂ ೧೩೯೭ರಲ್ಲಿ ಪ್ರಾಣಭಯದಿಂದ ಗುಲ್ಬರ್ಗವನ್ನು ಬಿಟ್ಟು ಬಂದು ಆಶ್ರಯ ಪಡೆದುದು ಇಲ್ಲಿಯೇ. ಊರಿನ ಹೆಸರು ಸಾಗರವಾದರೂ ನಿಜವಾದ ಸಾಗರವು ಇಲ್ಲಿಂದ ೨೦೦ ಮೈಲಿಗಳಿಗೂ ಹೆಚ್ಚು ದೂರದಲ್ಲಿದೆ. ಯಾದಗಿರಿ, ಶಹಾಪುರ, ಸುರಪುರಗಳು ಸೇರಿದ ಈ ಸೀಮೆಯು ಕೃಷ್ಣೆಯನ್ನೂ ಭೀಮೆಯನ್ನೂ ಕಂಡುದೇ ಹೊರತು ಕಡಲನ್ನು ಕಂಡುದಲ್ಲ. ಆದರೂ ಇಲ್ಲಿಯ ಗುಡಿಗಳಲ್ಲಿ ಶಂಖವುಂಟು. ಪಡಸಾಲೆಯ ಆಟದಲ್ಲಿ ಕವಡೆಯುಂಟು. ತಾಂಡಾದ ಹೆಣ್ಣುಮಕ್ಕಳ ಉಡುಗೆಯಲ್ಲಿ ಕವಡೆಯ ಸಾಲುಂಟು. ಕಡಲನ್ನೇ ಕಾಣದ ನಾಡಿಗೆ ಕಡಲಿನ ಒಡವೆಯು ಹೇಗೆ ಬಂದಿತು? ತಂದವರಾರು? ಈ ಪ್ರಶ್ನೆಯನ್ನು ಹಿಡಿದು ಇಂದು ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇನೆ.

ಮೊದಲು ಚಿಪ್ಪಿನ ಸ್ವಭಾವವನ್ನು ತಿಳಿಯೋಣ. ಅಬಲೋನ್ ಎಂಬ ಕಡಲ ಜೀವಿಯೊಂದುಂಟು. ಬಸವನಹುಳುವಿನ ಬಳಗಕ್ಕೆ ಸೇರಿದುದು. ಅದರ ಚಿಪ್ಪು ಮನುಷ್ಯನ ಕಿವಿಯ ಆಕಾರದ್ದು. ಅಂಚಿನಲ್ಲಿ ಸಾಲಾಗಿ ರಂಧ್ರಗಳಿದ್ದು, ಉಸಿರಾಟಕ್ಕೆಂದು ಒಳಗೆ ತೆಗೆದುಕೊಂಡ ನೀರು ಅವುಗಳ ಮೂಲಕ ಹೊರಬೀಳುವುದು. ಅಗಲವಾದ ಪಾದದಿಂದ ಬಂಡೆಯನ್ನು ಬಿಗಿಯಾಗಿ ಹಿಡಿದುಕೊಂಡು, ಕಡಲ ಪಾಚಿಯನ್ನು ಮೇಯುತ್ತ ಅದು ಬಾಳುತ್ತದೆ. ಇದರ ಒಂದು ಚಿಕ್ಕ ಜಾತಿಯು ನಮ್ಮ ದೇಶದ ಮನ್ನಾರು ಕೊಲ್ಲಿಯಲ್ಲಿಯೂ ಇದೆ. ಜಪಾನು, ಚೀನಾ, ಕ್ಯಾಲಿಫೋರ್ನಿಯಗಳಲ್ಲಿ ಅದರ ಮಾಂಸವು ಬಹು ಬೆಲೆಯುಳ್ಳ ಆಹಾರ. ಮಿತಿಯಿಲ್ಲದೆ ಹಿಡಿದುದರ ಫಲವಾಗಿ ಕ್ಯಾಲಿಫೋರ್ನಿಯದ ಬಿಳಿಯ ಅಬಲೋನ್ ೨೦೦೧ರಲ್ಲಿ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯನ್ನು ಸೇರಿತು. ಇನ್ನು ಚಿಪ್ಪಿನ ಒಳಮೈಯಲ್ಲಿ ಕಾಮನಬಿಲ್ಲಿನ ಬಣ್ಣಗಳು ಮಿನುಗುವುವು. ಸುಣ್ಣದ ಅಂಶವುಳ್ಳ ಅತಿ ತೆಳುವಾದ ಬಿಲ್ಲೆಗಳು ಗೋಡೆಯ ಇಟ್ಟಿಗೆಗಳಂತೆ ಒಂದರ ಮೇಲೊಂದು ಅಡಕವಾಗಿದ್ದು, ಬಿದ್ದ ಬೆಳಕನ್ನು ಬಣ್ಣಬಣ್ಣವಾಗಿ ಹಿಂದಿರುಗಿಸುವುದೇ ಇದಕ್ಕೆ ಕಾರಣ. ಮುತ್ತಿನ ಸಿಂಪಿಯ ಒಳಗಾಂತಿಗೂ ಇದೇ ಕಾರಣ.

ಜೀವಿಯ ಮಾಂಸವು ಒಂದೆರಡು ದಿನಗಳಲ್ಲಿ ಕೆಡುವುದು. ಚಿಪ್ಪು ಯುಗಗಳನ್ನು ಕಳೆದರೂ ಉಳಿಯುವುದು. ದಕ್ಷಿಣ ಆಫ್ರಿಕೆಯ ಬ್ಲಾಂಬಾಸ್ ಗುಹೆಯಲ್ಲಿ ಸುಮಾರು ೧,೦೦,೦೦೦ ವರ್ಷಗಳ ಹಿಂದಿನ ಮನುಷ್ಯರು ಕೆಮ್ಮಣ್ಣಿನ ಬಣ್ಣವನ್ನು ಕಲಸಿಟ್ಟುಕೊಂಡಿದ್ದ ಅಬಲೋನ್ ಚಿಪ್ಪುಗಳೇ ದೊರೆತಿವೆ. ಆದುದರಿಂದ ಕಡಲತೀರದವರು ಮಾಂಸವನ್ನು ಉಂಡರು. ಒಳನಾಡಿಗೆ ಪ್ರಯಾಣ ಮಾಡಿದುದು ಚಿಪ್ಪು ಮಾತ್ರ. ಚಿಪ್ಪು ಕಂಡಲ್ಲೆಲ್ಲ ಒಂದು ದಾರಿ ಇದ್ದಿತೆಂದೂ, ಆ ದಾರಿಯನ್ನು ತುಳಿದ ಕಾಲುಗಳು ಇದ್ದುವೆಂದೂ ತಿಳಿಯಬೇಕು.

ಈ ದಾರಿ ಬಹು ಹಳೆಯದು. ಸುರಪುರದಿಂದ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿ ನಡೆದರೆ ರಾಯಚೂರು ಸೀಮೆಯ ಮಸ್ಕಿ ಸಿಗುತ್ತದೆ. ೧೯೧೫ರಲ್ಲಿ ಅಶೋಕನ ಶಾಸನವು ಬೆಳಕಿಗೆ ಬಂದ ಊರು ಅದು. ೧೯೫೪ರಲ್ಲಿ ಬಿ. ಕೆ. ಥಾಪರರು ಅಲ್ಲಿಯ ನೆಲವನ್ನು ಅಗೆಸಿದಾಗ, ಅಶೋಕನಿಗಿಂತ ಹಿಂದಿನ ಜನರ ನೆಲೆಯಲ್ಲಿ ಕಲ್ಲಿನ ಮಣಿಗಳೊಡನೆ ಚಿಪ್ಪಿನ ಮಣಿಗಳೂ ದೊರೆತುವು. ಚಕ್ರವರ್ತಿಯ ಹೆಸರು ಬಂಡೆಯನ್ನು ಏರುವುದಕ್ಕೆ ಮುಂಚೆಯೇ ಚಿಪ್ಪು ನಮ್ಮವರ ಕೊರಳನ್ನು ಏರಿದ್ದಿತು.

ಅರಸರು ಚಿಪ್ಪನ್ನು ಆದರಿಸಿದ ಬಗೆಯನ್ನು ನೋಡಬೇಕಾದರೆ ಬೀದರಿಗೆ ಹೋಗಬೇಕು. ಸಾಗರದಲ್ಲಿ ಆಶ್ರಯ ಪಡೆದಿದ್ದ ಆ ಅಹಮದನೇ ಮುಂದೆ ಸುಲ್ತಾನನಾಗಿ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ಒಯ್ದನು. ಬಹಮನಿ ರಾಜ್ಯವು ಒಡೆದ ಮೇಲೆ ಅಲ್ಲಿ ಆಳಿದ ಅಲಿ ಬರೀದನು (೧೫೪೨-೧೫೮೦) ಕೋಟೆಯೊಳಗಿನ ರಂಗೀನ್ ಮಹಲನ್ನು ಹೊಸದಾಗಿ ಅಲಂಕರಿಸಿದನು. ಕಾಡಿಗೆಯಂತೆ ಕಪ್ಪಾದ ಕಲ್ಲನ್ನು ಕೊರೆದು, ಅದರಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂಡಿಸಿ ಬಳ್ಳಿಗಳನ್ನೂ ಪಾರಸಿ ಅಕ್ಷರಗಳನ್ನೂ ಮೂಡಿಸಿದ ಕುಶಲತೆಯು ನೋಡುವವರನ್ನು ಬೆರಗುಗೊಳಿಸುವುದು. ಕಪ್ಪಿನ ಮೇಲೆ ಬೆಳ್ಳಿಯನ್ನು ಕೂಡಿಸುವ ಬಿದರಿ ಕೆಲಸದ ರುಚಿಯೇ ಇಲ್ಲಿ ಕಲ್ಲಿನಲ್ಲಿ ಕಾಣುತ್ತದೆ. ಈ ಚಿಪ್ಪಿಗೆ ಅರಸನ ಹೆಸರುಂಟು, ಕಾಲನಿರ್ಣಯವುಂಟು. ಬೀದರಿನ ಕಟ್ಟಡಗಳನ್ನು ಕುರಿತು ಗುಲಾಂ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವುಂಟು. ತಾಂಡಾದ ಕವಡೆಗೆ ಏನುಂಟು?

ಕವಡೆಯ ಕಥೆಯೂ ಸಾಮಾನ್ಯವಾದುದಲ್ಲ. ಅದಕ್ಕೆ ಕಾಮನಬಿಲ್ಲಿನ ಬಣ್ಣವಿಲ್ಲ. ಜೀವಿಯು ತನ್ನ ಮೈಯ ಪೊರೆಯಿಂದ ಚಿಪ್ಪನ್ನು ಹೊರಗಿನಿಂದಲೂ ಮುಚ್ಚಿಕೊಂಡಿರುವುದರಿಂದ ಅದರ ಹೊರಮೈ ನುಣುಪಾಗಿರುವುದು. ಮಾಲ್ದೀವಿಯ ದ್ವೀಪಗಳು ಅದರ ದೊಡ್ಡ ತವರು. ೧೩೪೩ರ ಸುಮಾರಿಗೆ ಅಲ್ಲಿಗೆ ಹೋದ ಇಬ್ನ್ ಬತೂತನು, ಆ ಜನರು ಕವಡೆಗಳನ್ನು ಗುಂಡಿಯಲ್ಲಿ ಹೂಳಿ, ಮಾಂಸವು ಕೊಳೆತ ಮೇಲೆ ಬಿಳಿಯ ಚಿಪ್ಪನ್ನು ತೆಗೆದು, ಬಂಗಾಳದ ಅಕ್ಕಿಗೆ ವಿನಿಮಯ ಮಾಡುತ್ತಿದ್ದರೆಂದು ಬರೆದಿದ್ದಾನೆ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ನಾಣ್ಯದ ಲೆಕ್ಕವು ಕವಡೆಯಿಂದಲೇ ಮೊದಲಾಗುತ್ತದೆ: ೨೦ ಕವಡೆಗೆ ಒಂದು ಕಾಕಿಣಿ, ೪ ಕಾಕಿಣಿಗೆ ಒಂದು ಪಣ. ಇದೇ ಕವಡೆಯನ್ನು ಯುರೋಪಿನ ವರ್ತಕರು ಹಡಗುಗಳಲ್ಲಿ ತುಂಬಿ ಒಯ್ದು ಪಶ್ಚಿಮ ಆಫ್ರಿಕೆಯಲ್ಲಿ ಮನುಷ್ಯರನ್ನೇ ಕೊಂಡರು. ಕಂಪನಿ ಸರಕಾರವು ಕಂದಾಯವನ್ನು ಕವಡೆಯಲ್ಲಿ ಒಲ್ಲೆ, ಬೆಳ್ಳಿಯಲ್ಲಿ ಕೊಡಿ ಎಂದುದು ೧೮೧೭ರಲ್ಲಿ ಒರಿಸ್ಸದ ಪಾಯಿಕರು ದಂಗೆಯೆದ್ದುದಕ್ಕೆ ಕಾರಣಗಳಲ್ಲಿ ಒಂದು. ಹಣದ ಪದವಿಯನ್ನು ಕಳೆದುಕೊಂಡ ಮೇಲೆ ನಮ್ಮ ಮಾತಿನಲ್ಲಿ ಉಳಿದುದು “ಕವಡೆ ಕಿಮ್ಮತ್ತಿಲ್ಲ” ಎಂಬ ತಿರಸ್ಕಾರ ಮಾತ್ರ.

ಆದರೆ ಕವಡೆಯ ಮಾನವನ್ನು ಉಳಿಸಿಕೊಂಡು ಬಂದವರು ಲಂಬಾಣಿಗರು. ಅವರ ಹೆಣ್ಣುಮಕ್ಕಳ ಉಡುಗೆಯ ಅಂಚಿನಲ್ಲಿ, ಕೈಚೀಲದಲ್ಲಿ, ನೀರಿನ ಕೊಡವನ್ನು ಹೊರುವ ಸಿಂಬೆಯಲ್ಲಿ ಕನ್ನಡಿಯ ಚೂರುಗಳೊಡನೆ ಕವಡೆಯು ಕುಳಿತಿರುತ್ತದೆ. ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದಖ್ಖನದ ಉದ್ದಗಲಕ್ಕೆ ಸಂಚರಿಸುತ್ತಿದ್ದವರು ಇವರೇ. ಲವಣವೆಂಬ ಮಾತಿನಿಂದಲೇ ಇವರ ಹೆಸರು ಬಂದಿತೆಂದು ಹೇಳುವವರೂ ಉಂಟು. ಮೊಗಲರ ದಂಡಿಗೂ, ಮುಂದೆ ವೆಲ್ಲೆಸ್ಲಿಯ ದಂಡಿಗೂ ಅನ್ನವನ್ನು ಮುಟ್ಟಿಸಿದವರು ಇವರು. ಕಡಲಿನ ಅಂಚನ್ನು ಒಳನಾಡಿನೊಡನೆ ಕೂಡಿಸಿದ ಕಾಲುಗಳಲ್ಲಿ ಇವರ ಕಾಲುಗಳೂ ಇದ್ದುವು.

೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುಹಳಿಯು ಯಾದಗಿರಿಯ ಮೂಲಕ ಹಾದು ರಾಯಚೂರನ್ನು ಮುಟ್ಟಿತು. ಎತ್ತಿನ ಬೆನ್ನಿನ ವ್ಯಾಪಾರವು ಹಬೆಯ ಗಾಡಿಗೆ ಎದುರು ನಿಲ್ಲಲಾರದೆ ಕುಗ್ಗಿತು. ಅದೇ ವರ್ಷ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದರು. ಮುಂದೆ ಅನೇಕ ಕಡೆಗಳಲ್ಲಿ ಲಂಬಾಣಿಗರ ಹೆಸರೂ ಅಂತಹ ಪಟ್ಟಿಗಳನ್ನು ಸೇರಿತು. ನಾಡಿಗೆ ಉಪ್ಪನ್ನು ತಂದವರು ಹುಟ್ಟಿನಿಂದಲೇ ಕಳ್ಳರೆಂದು ಬರೆಯಲ್ಪಟ್ಟರು. ಆ ಕಾಯಿದೆಯು ರದ್ದಾದುದು ೧೯೫೨ರಲ್ಲಿ.

ಸರಕಾರದ ಪುಸ್ತಕವು ಇವರನ್ನು ಕುರಿತು ಬರೆದುದು ಹೀಗೆ. ಇವರ ಹೆಂಗಸರು ಸೂಜಿಯಿಂದ ಹೊಲಿದುದು ಬೇರೆ. ಯಾವುದನ್ನು ಚರಿತ್ರೆಯೆಂದು ನಂಬಬೇಕು? ರಂಗೀನ್ ಮಹಲಿನ ಚಿಪ್ಪನ್ನು ನಾವು ಕಾಪಾಡುವುದು ಯೋಗ್ಯವೇ. ಆದರೆ ಅದು ಒಬ್ಬ ಅರಸನ ಐಶ್ವರ್ಯವನ್ನು ಹೇಳಿದರೆ, ಸಿಂಬೆಯ ಮೇಲಿನ ಕವಡೆಯು ಒಂದು ಜನಾಂಗದ ನಡಿಗೆಯನ್ನು ಹೇಳುತ್ತದೆ. ಹಳೆಯ ಉಡುಗೆಗಳು ಒಂದೊಂದಾಗಿ ಪೆಟ್ಟಿಗೆಯಿಂದ ಮಾರಾಟಕ್ಕೆ ಹೋದರೆ, ಅವುಗಳೊಡನೆ ಆ ಚರಿತ್ರೆಯ ಹಾಳೆಗಳೂ ಹೋಗುವುವು. ಅಜ್ಜಿಯರು ಇರುವಾಗಲೇ, ಯಾವ ಉಡುಗೆ ಯಾರು ಹೊಲಿದುದು, ಯಾವ ದಾರಿಯಲ್ಲಿ ಬಂದುದು ಎಂದು ಕೇಳಿ ಬರೆದಿಡುವುದು ವಿದ್ಯಾವಂತರ ಕರ್ತವ್ಯ.

ಮುಂದೆ ಯಾದಗಿರಿಯ ನಿಲ್ದಾಣದಲ್ಲಿಯೋ ಸುರಪುರದ ಸಂತೆಯಲ್ಲಿಯೋ ಕವಡೆಯ ಸಾಲನ್ನು ಕಂಡಾಗ, ತಾವು ಅದರಲ್ಲಿ ಕಡಲನ್ನೂ, ಕಡಲಿನಿಂದ ಇಲ್ಲಿಯವರೆಗಿನ ದಾರಿಯನ್ನೂ, ಆ ದಾರಿಯಲ್ಲಿ ನಡೆದವರನ್ನೂ ಕಾಣುವಿರಾದರೆ ಈ ಭಾಷಣವು ಸಾರ್ಥಕವಾಯಿತೆಂದು ಭಾವಿಸುತ್ತೇನೆ.