ಹತ್ತಿಕಟ್ಟಿಗೆ, ಪ್ಲಾಸ್ಟಿಕ್ ಮತ್ತು ಮಾಟುಂಗಾ

ಮಾಟುಂಗಾ ಎಂದರೆ ಮುಂಬಯಿ ಕನ್ನಡಿಗರಿಗೆ ನೆನಪಾಗುವುದು ಮೈಸೂರು ಅಸೋಸಿಯೇಷನ್, ರಾಮಾ ನಾಯಕರ ಊಟದ ಮನೆಯ ಬಾಳೆಎಲೆ, ಮಲ್ಲಿಗೆ ಹೂವಿನ ಅಂಗಡಿ. ಅದೇ ಮಾಟುಂಗಾದ ಅಡೆನ್‌ವಾಲಾ ರಸ್ತೆಯಲ್ಲಿ ನೂರು ವರ್ಷ ದಾಟಿದ ಪ್ರಯೋಗಾಲಯವೊಂದಿದೆ: ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಚಿಕ್ಕದಾಗಿ ‘ಸಿರ್ಕಾಟ್’. ಕೃಷಿ ತ್ಯಾಜ್ಯದಿಂದ ಪ್ಲಾಸ್ಟಿಕ್ ತಯಾರಿಸುವ ಸುದ್ದಿ ಇಂದು ಪತ್ರಿಕೆಗಳಲ್ಲಿ ಹೊಚ್ಚಹೊಸ ಪವಾಡದಂತೆ ಬರುತ್ತಿದೆ. ಆದರೆ ಈ ಕಥೆ ಹಳೆಯದು. ಅದರ ಒಂದು ಎಳೆ ಧಾರವಾಡದ ಎರೆಹೊಲದಿಂದ ಹೊರಟು ಮುಂಬಯಿಗೆ ಬಂದಿದೆ.

ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿ, ಅಲ್ಲಿನ ತಳಿಯನ್ನು ನಮ್ಮ ಹೊಲಗಳಲ್ಲಿ ಬೆಳೆಸಿ ನೋಡಿತು. ಹಲವೆಡೆ ಸೋತ ಆ ಪ್ರಯೋಗ ಧಾರವಾಡದಲ್ಲಿ ಬೇರೂರಿ ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆಯಿತು. ನಾಡತಳಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ಮುಂಬಯಿ ಪೇಟೆಯಲ್ಲಿ ಅದರ ಹೆಸರೇ ‘ಕುಮಟಾ’ ಆಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಶೈರ್ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಮುಂಬಯಿಗೆ ಹಣದ ಮಳೆ ಸುರಿಯಿತು. ಹಾರ್ಬರ್ ಲೈನಿನ ‘ಕಾಟನ್ ಗ್ರೀನ್’ ಸ್ಟೇಷನ್ನಿನ ಹೆಸರು ಆ ವ್ಯಾಪಾರದ ಕುರುಹು.

ಅದೇ ಹೊತ್ತಿಗೆ, 1862ರಲ್ಲಿ, ಲಂಡನ್ನಿನ ಅಂತಾರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ಎಂಬಾತ ಬಾಚಣಿಗೆ, ಗುಂಡಿ, ಹಿಡಿಕೆಗಳನ್ನು ಇಟ್ಟಿದ್ದ. ‘ಪಾರ್ಕ್ಸಿನ್’ ಎಂಬ ಆ ವಸ್ತುವನ್ನು ಜಗತ್ತಿನ ಮೊದಲ ಮಾನವನಿರ್ಮಿತ ಪ್ಲಾಸ್ಟಿಕ್ ಎನ್ನುತ್ತಾರೆ. ಅದರ ಮೂಲ ಕಲ್ಲೆಣ್ಣೆಯಲ್ಲ, ಗಿಡದ ಸೆಲ್ಯುಲೋಸ್. ಹತ್ತಿಯ ನಾರಿನಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಸೆಲ್ಯುಲೋಸೇ. ಅದನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಹದಗೊಳಿಸಿದರೆ ನೈಟ್ರೋಸೆಲ್ಯುಲೋಸ್. ಅದಕ್ಕೆ ಕರ್ಪೂರ ಬೆರೆಸಿ ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರ ಸುಮಾರಿಗೆ ಸೆಲ್ಯುಲಾಯ್ಡ್ ಮಾಡಿದ. ಮುಂದೆ ಇಂಥ ಕೈಗಾರಿಕೆಗಳಿಗೆ ದೊಡ್ಡ ಆಸರೆಯಾದದ್ದು ‘ಲಿಂಟರ್’: ಜಿನ್ನಿಂಗ್ ಆದ ಮೇಲೆಯೂ ಹತ್ತಿಕಾಳಿನ ಮೈಗೆ ಅಂಟಿಕೊಂಡು ಉಳಿಯುವ, ನೂಲಿಗೆ ಬಾರದ ಕುರುಚಲು ನಾರು. ಅಂದರೆ ಬೆಳೆಯ ಉಳಿಕೆಯಿಂದ ಪ್ಲಾಸ್ಟಿಕ್ ಮಾಡುವುದು ಪ್ಲಾಸ್ಟಿಕ್ಕಿನ ಬಾಲ್ಯದಲ್ಲೇ ಇತ್ತು.

1913ರ ಮೇ 3ರಂದು ಗಿರಗಾಂವದ ಕಾರೊನೇಷನ್ ಚಿತ್ರಮಂದಿರದಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಕಂಡದ್ದೂ ಸೆಲ್ಯುಲೋಸಿನ ಸುರುಳಿಯ ಮೇಲೆಯೇ. ಆ ಫಿಲ್ಮು ಬೇಗ ಹೊತ್ತಿಕೊಳ್ಳುತ್ತಿತ್ತು, ವರ್ಷ ಕಳೆದಂತೆ ಪುಡಿಯಾಗುತ್ತಿತ್ತು. ನಮ್ಮ ಮೂಕಿಚಿತ್ರಗಳಲ್ಲಿ ಬಹುಪಾಲು ಇಂದು ಇಲ್ಲವಾಗಿರಲು ಅದೂ ಒಂದು ಕಾರಣ. ಉಳಿಯಬೇಕಾಗಿದ್ದ ಪ್ಲಾಸ್ಟಿಕ್ ಅಳಿಯಿತು. ಈಗ ಅಳಿಯಬೇಕಾದ ಪ್ಲಾಸ್ಟಿಕ್ ಉಳಿದುಕೊಂಡಿದೆ.

ದಾರಿ ಕವಲೊಡೆದದ್ದು ಬೆಲೆಯಲ್ಲಿ. 1907ರಲ್ಲಿ ಬೇಕಲೈಟ್ ಬಂತು. ಎರಡನೆಯ ಮಹಾಯುದ್ಧದ ನಂತರ ಪಾಲಿಥೀನ್ ಅಗ್ಗವಾಯಿತು. 1960ರ ದಶಕದಲ್ಲಿ ಟ್ರಾಂಬೆಯಲ್ಲಿ, ಠಾಣೆ-ಬೇಲಾಪುರ ರಸ್ತೆಯಲ್ಲಿ ಪೆಟ್ರೋಕೆಮಿಕಲ್ ಸ್ಥಾವರಗಳು ಎದ್ದವು. ಸೆಲ್ಯುಲೋಸನ್ನು ಕೇಳುವವರು ಕಡಿಮೆಯಾದರು. ಮುಂದಿನದು ನಾವೆಲ್ಲ ಕಂಡದ್ದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದಾಗ, ಚರಂಡಿ ಕಟ್ಟಿದ ಚೀಲಗಳ ಮೇಲೂ ದೂರು ಬಂತು. 2006ರಲ್ಲಿ 50 ಮೈಕ್ರಾನ್‌ಗಿಂತ ತೆಳುವಾದ ಚೀಲಗಳಿಗೆ ಮಹಾರಾಷ್ಟ್ರ ತಡೆ ಹಾಕಿತು. 2018ರಲ್ಲಿ ನಿಷೇಧ ಇನ್ನಷ್ಟು ಬಿಗಿಯಾಯಿತು. ಆಗಲೇ ಪೇಟೆ ಮತ್ತೆ ಗಿಡದ ಕಡೆ ತಿರುಗಿ ನೋಡಿದ್ದು.

ಮಾಟುಂಗಾದ ಪ್ರಯೋಗಾಲಯ ಮಾತ್ರ ಗಿಡದಿಂದ ಕಣ್ಣು ತೆಗೆದಿರಲಿಲ್ಲ. 1924ರಲ್ಲಿ ಅದು ಶುರುವಾದದ್ದು ಯಾವ ಹತ್ತಿಯಿಂದ ಎಂಥ ನೂಲು ಬರುತ್ತದೆಂದು ಪರೀಕ್ಷಿಸಲು. ಧಾರವಾಡದಲ್ಲೂ ಅದರ ಒಂದು ಘಟಕವಿದೆ. ನೂಲಿನ ಜೊತೆಗೆ ಅದು ಗಿಡದ ಉಳಿಕೆಯನ್ನೂ ಕೈಗೆತ್ತಿಕೊಂಡಿತು: ಹತ್ತಿಕಟ್ಟಿಗೆಯಿಂದ ಹಲಗೆ, ಉರುವಲು ಬಿಲ್ಲೆ, ಅಣಬೆ ಬೇಸಾಯ, ಇತ್ತೀಚೆಗೆ ಲಿಂಟರಿನಿಂದ ನ್ಯಾನೋಸೆಲ್ಯುಲೋಸ್. ಕಣ್ಣಿಗೆ ಕಾಣದಷ್ಟು ಸಣ್ಣ ಆ ಎಳೆಗಳನ್ನು ಪಿಷ್ಟದಂಥ ಜೈವಿಕ ಪ್ಲಾಸ್ಟಿಕ್ಕಿಗೆ ಬೆರೆಸಿದರೆ ಹಾಳೆ ಗಟ್ಟಿಯಾಗುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಐಸಿಟಿಯಲ್ಲಿ, ಅಂದರೆ 1933ರಲ್ಲಿ ಹುಟ್ಟಿದ ಹಳೆಯ ಯುಡಿಸಿಟಿಯಲ್ಲಿ, ಬೆಳೆಯ ಕಡ್ಡಿಯನ್ನು ಸಕ್ಕರೆಯಾಗಿ ಒಡೆದು ಎಥೆನಾಲ್ ಮಾಡುವ ವಿಧಾನ ಬೆಳೆಯಿತು. ಆ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿದರೆ ಲ್ಯಾಕ್ಟಿಕ್ ಆಮ್ಲ. ಅದನ್ನು ಸರಪಳಿಯಾಗಿ ಹೆಣೆದರೆ ಪಿಎಲ್‌ಎ ಎಂಬ ಪ್ಲಾಸ್ಟಿಕ್.

ಇಲ್ಲಿ ಎರಡು ಮಾತು ಕೇಳಿಕೊಳ್ಳಬೇಕು. ಮೊದಲನೆಯದು, ಗಿಡದಿಂದ ಬಂದದ್ದೆಲ್ಲ ಮಣ್ಣಿಗೆ ಮರಳುವುದಿಲ್ಲ. ಪಿಎಲ್‌ಎ ಕರಗಲು ಸುಮಾರು 60 ಡಿಗ್ರಿ ಶಾಖದ ಗೊಬ್ಬರ ಘಟಕ ಬೇಕು. ದೇವನಾರ್‌ನ ಕಸದ ಗುಡ್ಡದಲ್ಲಿ, ಮಿಠಿ ನದಿಯಲ್ಲಿ ಅದು ಮಾಮೂಲಿ ಪ್ಲಾಸ್ಟಿಕ್ಕಿನಂತೆಯೇ ಬಿದ್ದಿರುತ್ತದೆ.

ಎರಡನೆಯದು ಇನ್ನೂ ಮುಖ್ಯ. ‘ತ್ಯಾಜ್ಯ’ ಎಂದು ಕರೆದವರು ಯಾರು? ಉತ್ತರ ಕರ್ನಾಟಕದ ಮನೆಗಳಲ್ಲಿ ಹತ್ತಿಕಟ್ಟಿಗೆ ಒಲೆಯ ಉರುವಲು, ಹತ್ತಿಕಾಳು ಎಮ್ಮೆಯ ಆಹಾರ, ಜೋಳದ ಕಣಿಕಿ ಎತ್ತಿನ ಮೇವು. ಗ್ಯಾಸ್ ಬಂದ ಮನೆಗಳಲ್ಲಿ ಕಟ್ಟಿಗೆ ಹೊಲದಲ್ಲೇ ಸುಟ್ಟುಹೋಗುತ್ತದೆ, ನಿಜ. ಗುಲಾಬಿ ಕಾಯಿಕೊರಕ ಹುಳು ಹರಡದಿರಲು ಕಟ್ಟಿಗೆಯನ್ನು ಹೊಲದಲ್ಲಿ ಬಿಡಬೇಡಿರೆಂದು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಹಾಗಾಗಿ ಕೊಳ್ಳುವವರು ಬಂದರೆ ರೈತನಿಗೆ ಒಳ್ಳೆಯದೇ. ಆದರೆ ‘ಕಸ’ವೆಂದ ಕೂಡಲೇ ಬೆಲೆ ಸೊನ್ನೆಯಿಂದ ಶುರುವಾಗುತ್ತದೆ. ಹಗುರವಾದ, ಜಾಗ ತಿನ್ನುವ ಕಟ್ಟಿಗೆಯನ್ನು ಕಿತ್ತು, ಕತ್ತರಿಸಿ, ಸಾಗಿಸುವ ಖರ್ಚು ಮಾತ್ರ ಉಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಹತ್ತಿ ಭರಾಟೆಯಲ್ಲಿ ಬೆಲೆ ನಿಗದಿಯಾದದ್ದು ಲಿವರ್‌ಪೂಲಿನಲ್ಲಿ, ಲಾಭ ಕಟ್ಟಡವಾಗಿ ನಿಂತದ್ದು ಮುಂಬಯಿಯಲ್ಲಿ. 1865ರಲ್ಲಿ ಯುದ್ಧ ಮುಗಿದು ದರ ಕುಸಿದಾಗ ಪೆಟ್ಟು ಹೊಲದವರೆಗೂ ತಲುಪಿತು. ಈ ಸಲ ಪೇಟೆಗೆ ಹೊರಟಿರುವುದು ಅರಳೆಯಲ್ಲ, ಗಿಡದ ಕಡ್ಡಿ. ನಮ್ಮಲ್ಲಿ ಕೆಲವರು ಇಂಥ ಕಂಪನಿಗಳಲ್ಲೇ ಕೆಲಸ ಮಾಡುತ್ತಿದ್ದೇವೆ, ಕೆಲವರು ಇದೇ ವಿಷಯ ಓದುತ್ತಿದ್ದೇವೆ. ಹಲವರ ಹೊಲ ಇನ್ನೂ ಊರಲ್ಲಿದೆ. ಕಡ್ಡಿಯ ದರ ಬರೆಯುವಾಗ ಎರಡೂ ಕಡೆಯ ಲೆಕ್ಕ ಬಲ್ಲವರು ನಾವೇ.